ಮೊದಲ ವರ್ಷದ ನೀರು

ಚಿಯಾಯಿ ಠಾಣೆಯ ಇನ್ಸ್‌ಪೆಕ್ಟರ್ ತು ಜುಂಗ್-ಯಾವ್ ಬಾಗಿಲ ಹಿಡಿಯನ್ನು ಒಮ್ಮೆ ಮೂಸಿದರೆ ಸಾಕು, ಅದನ್ನು ಮುಟ್ಟಿದ ಕಳ್ಳನ ಹೆಸರಷ್ಟೇ ಅಲ್ಲ, ಅವನ ತಾತ ಮದುವೆಯ ದಿನ ಏನು ಉಂಡಿದ್ದನೆಂಬುದನ್ನೂ ಹೇಳಿಬಿಡುತ್ತಿದ್ದರು. ನಂಬದವರು ಅವರು ಹಿಡಿದ ನಲವತ್ತು ಸಾವಿರ ಕಳ್ಳರನ್ನು ವಿಚಾರಿಸಬಹುದು.

ಮಾರ್ಚ್ ಹನ್ನೆರಡು, ಗುರುವಾರ ಬೆಳಿಗ್ಗೆ ಎಂಟೂವರೆಗೆ ಠಾಣೆಗೆ ದೂರು ಬಂತು. ಕೊಟ್ಟವರು ಮಿದುಳು ಸವೆಯುವ ಕಾಯಿಲೆಗಳ ಪ್ರಯೋಗಾಲಯದ ಡಾಕ್ಟರ್ ಲೈ ಯೂ-ಶ್ವಾನ್. ಶೀತಪೆಟ್ಟಿಗೆಯಿಂದ ಕಿರುಬೆರಳಿನಷ್ಟು ದೊಡ್ಡದೊಂದು ಕೊಳವೆ ಕಾಣೆಯಾಗಿತ್ತು. ಅದರೊಳಗೆ ಒಬ್ಬ ರೋಗಿ ಹೆಂಗಸಿನ ಅರ್ಧ ಚಮಚ ಬೆನ್ನುಹುರಿಯ ನೀರು. ಎಫ್‌ಐಆರ್ ಬರೆಯುತ್ತಿದ್ದ ಕಾನ್‌ಸ್ಟೆಬಲ್ ಚಿಯೆನ್, ಕಳುವಾದ ಮಾಲಿನ ಬೆಲೆ ಎಂಬಲ್ಲಿ ಏನು ತುಂಬುವುದೆಂದು ತಿಳಿಯದೆ ಒಂದು ಗೀಟು ಎಳೆದ.

ಒಂಬತ್ತಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಆ ಪೆಟ್ಟಿಗೆಯೊಳಗೆ ಯಾರಾದರೂ ಬೈದರೆ ಬೈಗುಳವೇ ಹೆಪ್ಪುಗಟ್ಟಿ ಟಣ್ಣೆಂದು ಕೆಳಗೆ ಬೀಳುವಂಥ ಚಳಿ.

"ಒಂದು ಕೊಳವೆ ತಾನೆ, ಮೇಡಂ? ಆಯಮ್ಮನ ಹತ್ರ ಇನ್ನೊಂದ್ಸಲ ತೆಗೀರಿ" ಎಂದರು ಇನ್ಸ್‌ಪೆಕ್ಟರ್.

"ತೆಗೀಬಹುದು. ಅದು ಇವತ್ತಿನ ನೀರಾಗತ್ತೆ. ಹನ್ನೊಂದು ವರ್ಷದ ಹಿಂದಿನದನ್ನ ಎಲ್ಲಿಂದ ತರಲಿ?"

ಡಾಕ್ಟರ್ ಬಿಡಿಸಿ ಹೇಳಿದರು. ಆ ನೀರಿನಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳಿರುತ್ತವೆ. ಯಂತ್ರ ಒಂದೊಂದನ್ನೂ ತೂಗುತ್ತದೆ. ಯಾವುದು ಮೊದಲು ಕುಸಿಯಿತು, ಅದಕ್ಕೆ ಜೋತುಬಿದ್ದ ಯಾವ್ಯಾವು ಜೊತೆಗೇ ಕುಸಿದವು ಎಂದು ಇಡೀ ಬಲೆಯ ನಕ್ಷೆ ಬರೆಯಬೇಕು. ನಲವತ್ತೊಂದನೆಯ ನಂಬರಿನ ಹೆಂಗಸು ಪ್ರತಿ ವಸಂತದಲ್ಲೂ ಬಂದು ಸೂಜಿಗೆ ಬೆನ್ನು ಕೊಟ್ಟಿದ್ದಳು. ಅವಳ ನೆನಪು ಸವೆದದ್ದು ಆ ಹನ್ನೊಂದು ವರ್ಷಗಳಲ್ಲೇ. ಕಳುವಾದದ್ದು ಮೊದಲನೆಯದು, ಅವಳು ನೆಟ್ಟಗಿದ್ದ ಕಾಲದ್ದು. ಅದು ಕರಗಿ ಕೆಟ್ಟರೆ ಉಳಿದ ಹತ್ತನ್ನು ಯಾವುದರೊಂದಿಗೆ ಹೋಲಿಸುವುದು?

ಶೀತಪೆಟ್ಟಿಗೆಯ ನೆತ್ತಿಯ ಮೇಲೆ ಜೋಳದ ಕುರುಕಲಿನ ಹಸಿರು ಪೊಟ್ಟಣವಿತ್ತು. ಯಂತ್ರ ಕೆಡದೆ ನಡೆಯಲೆಂದು ಆ ಊರಿನವರು ಇಡುವ ರಕ್ಷೆ ಅದು; ಠಾಣೆಯ ವೈರ್‌ಲೆಸ್ ಮೇಲೂ ಅಂಥದೇ ಒಂದಿದೆ. ಹಸಿರಿನದೇ ಆಗಬೇಕು, ಅವಧಿ ಮುಗಿದಿರಬಾರದು, ಯಾರೂ ತಿನ್ನಬಾರದು. ತಪ್ಪಿದರೆ ಯಂತ್ರ ಮುನಿಯುತ್ತದೆ. ಪಕ್ಕದ ತೂಗುಯಂತ್ರದ ಪೊಟ್ಟಣದ ಮೇಲೆ ಪ್ರಯೋಗಾಲಯದ ಒಂಬತ್ತೂ ಜನರ ಸಹಿಯಿತ್ತು. ಇದರ ಮೇಲೆ ಒಂದೂ ಇರಲಿಲ್ಲ.

ಮೊನ್ನೆಯವರೆಗೂ ಇದ್ದವು ಎಂದರು ಡಾಕ್ಟರ್. ಚಿಯೆನ್ ಬಗ್ಗಿ ನೋಡಿದ. ಪೆಟ್ಟಿಗೆಯಡಿ ಜೋಳದ ಪುಡಿ ಚೆಲ್ಲಿತ್ತು.

"ಬಾಗಿಲು ಎಳೆಯುವಾಗ ಹಳೇದು ಬಿದ್ದು ಒಡೆದಿದೆ, ಸಾರ್. ಪೆಟ್ಟಿಗೆ ಕೆಡಬಾರದು ಅಂತ ಹೊಸದು ತಂದಿಟ್ಟಿದಾನೆ. ಮರ್ಯಾದಸ್ಥ ಕಳ್ಳ."

ಇನ್ಸ್‌ಪೆಕ್ಟರ್ ನಗಲಿಲ್ಲ. "ಇಲ್ಲಿ ಓಡಾಡೋರಲ್ಲಿ ನೀವು ಯಾರ ಹತ್ರ ಸಹಿ ಹಾಕಿಸಲ್ಲ, ಮೇಡಂ?"

ಡಾಕ್ಟರ್ ತೂಗುಯಂತ್ರದ ಪೊಟ್ಟಣದ ಸಹಿಗಳ ಮೇಲೆ ಬೆರಳಾಡಿಸಿದರು. "ನೆಲ ಒರೆಸೋ ಹೌ ದೊಡ್ಡಪ್ಪ" ಎಂದವರ ಮುಖ ಕಪ್ಪಿಟ್ಟಿತು. "ನಲವತ್ತೊಂದನೇ ನಂಬರು ಅವರ ಹೆಂಡ್ತಿ."

ಮುಂದೆ ಇನ್ಸ್‌ಪೆಕ್ಟರ್ ಹದಿನೇಳು ಸಿಗ್ನಲ್ ಹಾರಿಸಿ, ಮಾರುಕಟ್ಟೆಯ ಸೂರುಗಳ ಮೇಲೆ ಓಡಿ, ಹೊರಟಿದ್ದ ರೈಲನ್ನು ಒಂದೇ ಕೈಯಲ್ಲಿ ತಡೆದು ಹೌ ಗ್ವಾಂಗ್-ತೆಂಗ್‌ನನ್ನು ಸೆರೆಹಿಡಿದರು. ನಾನು ಇಷ್ಟು ಹೇಳಿ ಮುಗಿಸುವುದರೊಳಗೆ ಚಿಯೆನ್ ಠಾಣೆಯ ದಿನಚರಿ ತಂದು ಮುಂದೆ ಬಿಚ್ಚಿಟ್ಟಿದ್ದಾನೆ. ಅದರಲ್ಲಿ ಬೇರೆಯೇ ಇದೆ. ಇನ್ನು ಸುಳ್ಳು ನಡೆಯದು.

ಯಾರೂ ಯಾರನ್ನೂ ಬೆನ್ನಟ್ಟಲಿಲ್ಲ. ಅತ್ತ ಪಂಚನಾಮೆ ನಡೆಯುತ್ತಿರುವಾಗಲೇ, ಒಂಬತ್ತೂ ಹತ್ತಕ್ಕೆ, ಆ ಮುದುಕ ತಾನಾಗಿಯೇ ಠಾಣೆಗೆ ಬಂದಿದ್ದ. ಮಡಿಲಲ್ಲಿ ಮೀನು ತರುವ ಐಸ್ ಡಬ್ಬಿ. ದೊಡ್ಡ ಸಾಹೇಬರನ್ನು ನೋಡಬೇಕೆಂದು ಮಧ್ಯಾಹ್ನದವರೆಗೂ ಕೂತಿದ್ದ. ಕೊಳವೆಯ ನೀರು ಎರಡು ದಿನದ ಹಿಂದೆಯೇ ಕರಗಿತ್ತು.

"ಯಾಕೆ ತಗೊಂಡ್ರಿ, ದೊಡ್ಡಪ್ಪ?"

"ಆ ವರ್ಷ ಅವಳಿಗೆ ನನ್ನ ಗುರುತು ಸಿಗ್ತಿತ್ತು, ಸಾಹೇಬ್ರೆ. ಈಗ ಕೆಟ್ಟಿರೋದೆಲ್ಲಾ ಆ ನೀರಲ್ಲಿ ಸರಿಯಾಗಿತ್ತು ಅಂತ ಡಾಕ್ಟರಮ್ಮನೇ ಹೇಳ್ತಿದ್ರು. ವಾಪಸ್ ಹಾಕ್ಸೋಣ ಅಂತ ಮೂರು ಆಸ್ಪತ್ರೆ ಸುತ್ತಿದೆ. ಆಗಲ್ಲ ಅಂದ್ರು." ಮುದುಕ ಡಬ್ಬಿಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದ. "ಪೊಲೀಸ್ನೋರು ಹೇಳಿದ್ರೆ ಹಾಕ್ತಾರೇನೋ ಅಂತ ಬಂದೆ."

ಹನ್ನೆರಡೂ ನಲವತ್ತಕ್ಕೆ ದಸ್ತಗಿರಿ ದಾಖಲಾಯಿತು. ಒಪ್ಪಿಕೊಂಡ ಕಾರಣದ ಸಾಲಿನಲ್ಲಿ ಚಿಯೆನ್ ಆ ಮಾತನ್ನು ಹಾಗೆಯೇ ಬರೆದ. ಇನ್ಸ್‌ಪೆಕ್ಟರ್ ತು ಅದಕ್ಕೆ ಸಹಿ ಹಾಕಿದರು. ಆಮೇಲೆ, ಏನು ಉತ್ತರ ಬರುತ್ತದೆಂದು ಚೆನ್ನಾಗಿ ಗೊತ್ತಿದ್ದೂ, ನಾಲ್ಕನೆಯ ಆಸ್ಪತ್ರೆಗೆ ಫೋನ್ ಮಾಡಿದರು.