ಬೆರಳೆತ್ತದ ಹಾಡು

ಅಂದು ಬಿಸಿಲು ಎಷ್ಟಿತ್ತೆಂದರೆ, ಸೂರ್ಯನೇ ತಡೆಯಲಾರದೆ ಕೆಳಗಿಳಿದು ಬಂದು, ನನ್ನ ಛತ್ರಿಯೊಳಗೆ ತಲೆ ತೂರಿಸಿ, "ಸ್ವಲ್ಪ ಸರೀರಿ" ಎಂದ. ನಾನು ಸರಿದು ಕೂತೆ. ದೊಡ್ಡವರೊಂದಿಗೆ ಹೇಗಿರಬೇಕೆಂದು ನನಗೆ ಗೊತ್ತು.

ನಂಬದಿದ್ದರೆ ಆ ಸಂಗೀತೋತ್ಸವದ ಬಯಲಲ್ಲಿ ಸೇರಿದ್ದ ಲಕ್ಷಾಂತರ ಜನರನ್ನು ಕೇಳಿ. ಅಕ್ಕನ ಪ್ರಕಾರ ಅವರು ನಾನೂರು. ಅಕ್ಕನಿಗೆ ಮೊದಲಿನಿಂದಲೂ ಲೆಕ್ಕ ಬರದು.

ಅಕ್ಕ ಎಂದರೆ ಹಾಡುಗಾರ್ತಿಯ ಅಕ್ಕ. ವ್ಯಾನ್ ಓಡಿಸುವುದು, ತಂಗಿಗೆ ಗದರಿಸಿ ನೀರು ಕುಡಿಸುವುದು, ನನ್ನ ಕಾಲೆಳೆಯುವುದು, ಎಲ್ಲ ಅವರದೇ ಇಲಾಖೆ. ಹಾಡು ಬರೆಯುವುದೂ ಹಾಡುವುದೂ ತಂಗಿ. ನಾನು ಸೌಂಡ್‌ನವನು. ವೇದಿಕೆಯ ಎದುರು, ಜನರ ನಡುವೆ, ಛತ್ರಿ ಕಟ್ಟಿದ ಮೇಜಿನ ಮೇಲೆ ದನಿ ಏರಿಸಿ ಇಳಿಸುವ ನನ್ನ ಮಿಕ್ಸರ್. ನನ್ನಂಥ ಕಿವಿ ಲೋಕದಲ್ಲಿ ಇನ್ನೊಂದಿಲ್ಲ. ಇರುವೆ ಸೀನಿದರೂ ಯಾವ ಶ್ರುತಿಯೆಂದು ಹೇಳಬಲ್ಲೆ.

ಆಕೆ ಗಿಟಾರ್ ಹೆಗಲಿಗೇರಿಸಿ ಬಂದಳು. ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡು ಮೊದಲ ಸಾಲು ಹಾಡಿದಳು. ಆಮೇಲೆ ಕಣ್ಣೆತ್ತಿ, ನೇರ ನನ್ನನ್ನೇ ನೋಡಿ, ತೋರುಬೆರಳನ್ನು ಮೆಲ್ಲಗೆ ಮೇಲಕ್ಕೆತ್ತಿದಳು.

"ನೋಡಿದ್ರಾ ಅಕ್ಕಾ? ಇಷ್ಟು ಜನದಲ್ಲಿ ನನ್ನನ್ನೇ!" ಎಂದೆ ಪಕ್ಕದಲ್ಲಿ ನಿಂತಿದ್ದ ಅಕ್ಕನಿಗೆ.

"ಅವಳ ದನಿ ಅವಳಿಗೆ ಕೇಳ್ತಿಲ್ಲ ಕಣೋ. ಕಾಲ ಹತ್ರ ಇರೋ ಸ್ಪೀಕರ್ ಜಾಸ್ತಿ ಮಾಡು ಅಂತಿದಾಳೆ. ಬಂದ್ಬಿಟ್ಟ, ನನ್ನನ್ನೇ ಅಂತೆ!"

ಆ ಸ್ಪೀಕರ್‌ನ ನಾಬ್ ತಿರುಗಿಸಿ ದನಿ ಏರಿಸಿದೆ. ಆಕೆ ನಕ್ಕಳು. ಆ ಎಡಗೆನ್ನೆಯ ಗುಳಿಯಲ್ಲಿ ಇಡೀ ಊರೇ ಮುಳುಗಿಹೋಗಬಹುದು. ನಾನೊಬ್ಬನೇ ಹೇಗೋ ಈಜಿ ದಡ ಸೇರಿದೆ. ಮುಂದಿನ ಹಾಡಿಗೂ ಹಾಗೇ ಆಯಿತು. ಅದರ ಮುಂದಿನದಕ್ಕೂ.

"ಸೀಸನ್ ಪೂರ್ತಿ ಇದೇ ಗೋಳು," ಅಕ್ಕ ಗೊಣಗಿದರು. "ನಾಳೆಯಿಂದ ಇವಳು ದೊಡ್ಡ ಕಂಪನಿಗೆ, ಅಲ್ಲಿ ಅವರದೇ ಸೌಂಡ್‌ನವರು. ನೀನು ಇಲ್ಲಿ, ನಾವು ಇನ್ನೆಲ್ಲೋ."

ಗೊತ್ತಿತ್ತು.

ಕೊನೆಯ ಹಾಡು ಹೊಸದು. ಬಾಗಿಲವರೆಗೂ ಬಂದು, ಕರೆಯದೆ ಹೊರಟುಹೋಗುವವನ ಬಗ್ಗೆ. ಹಾಡಿನ ನಡುವೆ ಆಕೆ ನನ್ನತ್ತ ನೋಡಿದಳು. ಬೆರಳು ಮೇಲೇಳಲಿಲ್ಲ. ಮುಗಿಯುವವರೆಗೂ ಸುಮ್ಮನೆ ನೋಡುತ್ತಲೇ ಹಾಡಿದಳು. ಅಂಥ ಬಿಸಿಲಲ್ಲೂ ನನ್ನ ಕೈ ನಾಬ್ ಮೇಲೆ ಹೆಪ್ಪುಗಟ್ಟಿತು.

ಚಪ್ಪಾಳೆ ನಿಲ್ಲುವ ಮೊದಲೇ ಇಳಿದು ಬಂದು ಮೇಜಿನೆದುರು ನಿಂತಳು. ಬೆವರಿಗೆ ಕೂದಲು ಕತ್ತಿಗೆ ಅಂಟಿತ್ತು.

"ಕೊನೆ ಹಾಡಲ್ಲಿ ನನ್ನ ದನಿ ನನಗೇ ಕೇಳ್ಲಿಲ್ಲ."

"ಬಿಸಿಲಿಗೆ ಸ್ಪೀಕರ್ ತಲೆ ತಿರುಗಿ ಬಿದ್ದಿತ್ತು ಕಣ್ರೀ. ನಾನೇ ನೀರು ಚಿಮುಕಿಸಿ..."

ಆಕೆ ಬಗ್ಗಿ ಮಿಕ್ಸರ್ ನೋಡಿದಳು. ಆಕೆಯ ನಾಬ್ ಇನ್ನೂ ಸೊನ್ನೆಯಲ್ಲೇ ಇತ್ತು.

"ಇದನ್ನ ಇಳಿಸಿದ್ದು ಯಾರು?"

"ಸೂರ್ಯ," ಎಂದೆ.

ಅಕ್ಕ ಮುಖ ಆಚೆ ತಿರುಗಿಸಿ ಕೆಮ್ಮಿದರು.

"ಸೂರ್ಯ. ಸೀಸನ್ ಪೂರ್ತಿ?"

ಬಿಡಲು ನನ್ನಲ್ಲಿ ಇನ್ನೊಂದು ಬುರುಡೆಯೂ ಉಳಿದಿರಲಿಲ್ಲ. "ನಾನೇ. ಇಳಿಸಿದಾಗಷ್ಟೇ ನೀವು ಈ ಕಡೆ ನೋಡೋದು. ಅದಕ್ಕೆ."

ಆಕೆ ನಾಬ್ ಅನ್ನು ತಾನೇ ನಿಧಾನವಾಗಿ ತಿರುಗಿಸಿ ಮೇಲೆ ತಂದಳು.

"ಒಂದೇ ಒಂದು ಸಲ, ಇಳಿಸದೇ ಕಾದು ನೋಡ್ಬಾರ್ದಿತ್ತಾ?"

ಹೋಗಲಿ, ನಿಜ ಹೇಳಿಬಿಡುತ್ತೇನೆ. ನನ್ನ ಛತ್ರಿಯ ಕೆಳಗೆ ಸೂರ್ಯ ಬರಲಿಲ್ಲ. ಹಾಗೆ ಕೇಳಿ, ಮೇಜು ಬಳಸಿ ಬಂದು, ತಲೆ ತೂರಿಸಿ "ಸ್ವಲ್ಪ ಸರೀರಿ" ಎಂದವಳು ಆಕೆ. ನಾನು ಸರಿದು ಕೂತೆ ಅಂದೆನಲ್ಲ, ಅದೂ ಸುಳ್ಳು. ಸರಿಯುವುದನ್ನೇ ಮರೆತಿದ್ದೆ.