ದೇವರ ಚೀಲದಲ್ಲಿ ಗಿಟಾರು

"ನಿಲ್ರೀ! ಹರೀಬ್ಯಾಡ್ರೀ ಅದು!"

ಗಡಿಯೂರು ಉಮರ್ಗಾದ ಬಜಾರಿನಲ್ಲಿ ಸಂಜೆಯ ಗದ್ದಲ. ಶಾಂತವೀರಪ್ಪನವರ ಕಿರಾಣಿ ಅಂಗಡಿಯ ಮುಂದೆ ನಿಂತವರೆಲ್ಲ ತಿರುಗಿ ನೋಡಿದರು. ಉಜ್ವಲಾ ಕೌಂಟರಿನ ಮೇಲೆ ಬಗ್ಗಿ, ಅಂಗಡಿಯವರ ಮಗ ನೀಲೇಶನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟಿದ್ದಳು!

ಅವನ ಕೈಯಲ್ಲಿದ್ದದ್ದು ಒಂದು ರದ್ದಿ ಹಾಳೆ. ಜೀರಿಗೆ ಕಟ್ಟಲು ಅದನ್ನು ಹರಿಯುವುದರಲ್ಲಿದ್ದ.

"ಏನಾಯ್ತ್ರೀ ಮ್ಯಾಡಮ್? ಜೀರಗಿ ಬ್ಯಾಡೇನು?"

"ಜೀರಗಿ ಬೇಕು. ಈ ಪಾನ, ಈ ಹಾಳಿ..." ಎನ್ನುವಾಗ ತಾನು ಏನು ಹಿಡಿದಿದ್ದೇನೆಂದು ಅವಳಿಗೆ ತಿಳಿಯಿತು. ಥಟ್ಟನೆ ಕೈ ಬಿಟ್ಟಳು. ಕಿವಿಯವರೆಗೂ ಬಿಸಿಯೇರಿತು. "ಇದು ಗಿಟಾರಿನ ಮ್ಯಾಗಜಿನ್ ಅದರೀ. ಇದರಾಗ ಯಾರರೆ ಜೀರಗಿ ಕಟ್ತಾರೇನು?"

"ಮಂತ್ರಿಗೋಳ ಫೋಟೊ ಇದ್ದ ಪೇಪರಿನಾಗೂ ಕಟ್ತೀನ್ರೀ. ಇವತ್ತಿನ ತನಕ ಒಬ್ರೂ ಬಂದು ಕೈ ಹಿಡದಿಲ್ಲ!"

ಮಂದಿ ಗೊಳ್ಳೆಂದು ನಕ್ಕರು. ಉಜ್ವಲಾ ನಗಲಿಲ್ಲ. ನಗುವುದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ...

ಬೆಳಗಿನಿಂದ ಮರಾಠಿ ಶಾಲೆಯಲ್ಲಿ ಪಾಠ, ಸಂಜೆ ಟ್ಯೂಷನ್, ಮನೆಗೆ ಹೋದರೆ ಮೊಣಕಾಲು ಹಿಡಿದು ಕುಳಿತ ಅವ್ವ ಗಿರಿಜಾಬಾಯಿ. ಇದೆಲ್ಲ ಮೈಯ ದಣಿವು, ಮಲಗಿದರೆ ಹೋಗುತ್ತಿತ್ತು. ಹೋಗದ ದಣಿವು ಬೇರೆಯೇ ಇತ್ತು.

ವರ್ಷ ವರ್ಷ ಗಂಡಿನ ಕಡೆಯವರು ಬರುತ್ತಿದ್ದರು. ಇವಳು ಈರುಳ್ಳಿ ಅವಲಕ್ಕಿಯ ಕಾಂದಾಪೋಹೆ ಮಾಡಿ, ಸೆರಗು ಹೊದ್ದು, ತಟ್ಟೆ ಹಿಡಿದು ಹೋಗುತ್ತಿದ್ದಳು. ಅವರು ತಿಂದು, ಕೈತೊಳೆದು, "ನಿರೋಪ ಕಳಸ್ತೀವಿ, ಏನಂತ ತಿಳಸ್ತೀವಿ" ಎಂದು ಹೊರಡುತ್ತಿದ್ದರು. ಆ ಮೇಲೆ ಸುದ್ದಿಯೇ ಇಲ್ಲ! ಈ ಕಡೆ 'ಬ್ಯಾಡ' ಎಂದು ಬಾಯಿಬಿಟ್ಟು ಹೇಳುವ ರೂಢಿಯೇ ಇಲ್ಲ ನೋಡಿ. ಸುಮ್ಮನಿದ್ದರೆ ಹೆಣ್ಣಿನವರೇ ತಿಳಿದುಕೊಳ್ಳಬೇಕು. ನಿಲಂಗಾ ಊರಿನವರಂತೂ ಒಂದಿಡೀ ವರ್ಷ ಸುಮ್ಮನಿದ್ದರು. ಕಡೆಗೆ ಹುಡುಗನ ಲಗ್ನದ ಫೋಟೊ ಅವಳ ಮೊಬೈಲಿಗೇ ಬಂತು.

ಆ ವರ್ಷವೇ ಅವಳು ಗಿಟಾರು ಕೊಂಡದ್ದು. ಕಲಿಸುವವರು ಊರಲ್ಲಿ ಯಾರೂ ಇರಲಿಲ್ಲ. ಚೆನ್ನಾಗಿ ಬಾರಿಸುತ್ತಿದ್ದಳೇ? ಇಲ್ಲ ಬಿಡಿ, ಅದು ಅವಳಿಗೂ ಗೊತ್ತಿತ್ತು. ಆದರೆ ಗಿಟಾರಿನ ಬಗ್ಗೆ ಓದುವುದೆಂದರೆ ಪ್ರಾಣ! ಯಾವ ಮರಕ್ಕೆ ಯಾವ ದನಿ, ಹಳೆಯ ತಂತಿಯನ್ನು ಕುದಿಸಿದರೆ ಏನಾಗುತ್ತದೆ... ತಾನೆಂದೂ ಮುಟ್ಟಲಾರದ ಗಿಟಾರುಗಳ ಗುಣದೋಷಗಳನ್ನೂ ಕೂತು ಓದುತ್ತಿದ್ದಳು.

"ಮೊಬೈಲಿನಾಗ ಎಲ್ಲಾ ಸಿಗ್ತದಲ್ರೀ?" ನೀಲೇಶ ಕೇಳಿದ.

"ಮೊಬೈಲಿನಾಗ ಕಲಿಸಾಂವ ಓಡ್ತಾನ್ರೀ. ಕಾಗದ ಆದ್ರ ನಾ ಕಲಿಯೂ ತನಕ ನಿಂದರ್ತದ."

ಅವನು ಜೀರಿಗೆಯನ್ನು ಬೇರೆ ಹಾಳೆಯಲ್ಲಿ ಕಟ್ಟಿ, ಗಿಟಾರಿನ ಹಾಳೆಯನ್ನು ನೀಟಾಗಿ ಮಡಚಿ ಕೊಟ್ಟ.

"ಹೈದರಾಬಾದ್ ಕಡಿಂದ ದೊಡ್ಡ ರದ್ದಿ ಗಠಾ ಬಂದದ್ರೀ. ಇನ್ನ ಭಾಳ ಇರಬೇಕು. ತಗದು ಇಡ್ತೀನಿ."

ತೆಗೆದದ್ದನ್ನು ಎಲ್ಲಿ ಇಡುವುದು? ಅಂಗಡಿಯಲ್ಲಿ ಕೈಗೆ ಸಿಕ್ಕ ಕಾಗದವೆಲ್ಲ ಪೊಟ್ಟಣವಾಗುತ್ತದೆ. ಹರಿಯದೆ ಉಳಿಯುವುದು ಒಂದೇ, ತಕ್ಕಡಿಯ ಹಿಂದಿನ ಮೊಳೆಗೆ ತೂಗುಹಾಕಿದ ಬಟ್ಟೆಯ ಚೀಲ. ಲಿಂಗ, ಬಸವಣ್ಣ, ಯಾವುದೇ ದೇವರ ಚಿತ್ರವಿದ್ದ ಹಾಳೆಯಲ್ಲಿ ಆ ಮನೆಯವರು ಸಾಮಾನು ಕಟ್ಟುತ್ತಿರಲಿಲ್ಲ, ಕಾಲಡಿ ಬೀಳುತ್ತದೆಂದು. ಅವೆಲ್ಲ ಆ ಚೀಲ ಸೇರುತ್ತಿದ್ದವು. ಗಿಟಾರಿನ ಪುಸ್ತಕಗಳೂ ಅಲ್ಲೇ ಸೇರತೊಡಗಿದವು!

ವಾರಕ್ಕೊಮ್ಮೆ ಉಜ್ವಲಾ ಬರುವಳು. ನೀಲೇಶ ಚೀಲಕ್ಕೆ ಕೈಹಾಕಿ ಒಂದೇ ಒಂದು ಪುಸ್ತಕ ತೆಗೆದುಕೊಡುವನು. ಎಲ್ಲ ಒಮ್ಮೆಲೇ ಕೊಟ್ಟರೆ ಮುಂದಿನ ವಾರ ಅವಳು ಯಾಕೆ ಬರಬೇಕು? ವ್ಯಾಪಾರಿಯ ಮಗ ತಾನೇ!

"ಹೋದ ಸಲದ್ದು ಏನು ಬರದಿದ್ರು?"

"ಎಫ್ ಕಾರ್ಡ್ ಅನ್ನೋ ಸ್ವರಮೇಳದ ಬಗ್ಗೆ. ಒಂದ ಬೆರಳಿಲೇ ಆರೂ ತಂತಿ ಒತ್ತಬೇಕಂತ. ನನಗ ಬರಂಗಿಲ್ಲರೀ, ಬಟ್ಟ ನೋಯ್ತದ."

"ಅದೊಂದು ಬಿಟ್ಟು ಬಾರಸ್ರೀ. ಉಮರ್ಗಾದಾಗ ಯಾರಿಗಿ ಗೊತ್ತಾಗ್ತದ?"

ಆಗ ಮಾತ್ರ ಅವಳಿಗೆ ನಗು ಬಂತು. ಎಷ್ಟೋ ದಿನಕ್ಕೆ ಬಂದ ನಗು...

'ಇವನ ಎದುರು ಮಾತ್ರ ಯಾಕೆ ಈ ದಣಿವು ಮರೆತುಹೋಗುತ್ತದೆ?' ಮನೆಯ ದಾರಿಯಲ್ಲಿ ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಹೇಳಿಕೊಳ್ಳಲು ಭಯವಾಯಿತು.

ಶ್ರಾವಣದಲ್ಲಿ ಒಂದು ಸಂಜೆ, ಸಕ್ಕರೆ ತೂಗುತ್ತ ಅವನೇ ಅಂದ, "ಐತಾರ ನಿಮ್ಮ ಮನಿಗಿ ಬರ್ಲೇನು? ಗಿಟಾರ್ ಕೇಳಬೇಕು... ಮತ್ತ ನಿಮ್ಮ ಅಪ್ಪಾರ ಸಂಗಟ ಒಂದೀಟು ಮಾತಾಡೋದದ."

ಉಜ್ವಲಾ ಸಕ್ಕರೆಯ ಪೊಟ್ಟಣವನ್ನು ಎದೆಗೆ ಒತ್ತಿಕೊಂಡಳು. "ಬರ್ರೀ" ಎಂದಷ್ಟೇ ಹೇಳಿ ಬಂದಳು.

ಭಾನುವಾರ ಬಂತು, ಅವನು ಬರಲಿಲ್ಲ.

ಮರುದಿನ ಅಂಗಡಿಗೆ ಹೋದಳು. ತಕ್ಕಡಿಯ ಹಿಂದೆ ಹೊಸ ಚೀಲವೊಂದು ಖಾಲಿಯಾಗಿ ತೂಗುತ್ತಿತ್ತು. ನೀಲೇಶ ತಲೆ ಎತ್ತಲಿಲ್ಲ. "ಪುಸ್ತಕ... ಇಲ್ರೀ ಈಗ" ಎಂದ. ಬೇರೆ ಮಾತೇ ಇಲ್ಲ.

ಮುಂದಿನ ಭಾನುವಾರಗಳಲ್ಲಿ ಹಣದ ಗಲ್ಲೆಯ ಮೇಲೆ ಅವನೇ ಇಲ್ಲ! ಅವಳ ಜೊತೆ ಪಾಠ ಹೇಳುವ ಮೀನಲ ಸುದ್ದಿ ತಂದಳು.

"ನೀಲೇಶ ಐತಾರಕ್ಕೊಮ್ಮೆ ಉದಗೀರಕ್ಕ ಹೋಗ್ಲತಾನಂತ. ಹುಡುಗಿ ನೋಡ್ಲಾಕ ಅಂತ ಬಜಾರಿನಾಗ ಅನ್ಲತಾರ."

"ಹೌದಾ? ಛಲೋ ಆಯ್ತು" ಎಂದಳು ಉಜ್ವಲಾ. ಬಾಯಿ ಅಷ್ಟು ಸಲೀಸಾಗಿ ಸುಳ್ಳು ಹೇಳಿತಲ್ಲ!

'ಇವನೂ ಸುಮ್ಮನಾದ... ಇವನೂ!'

ಗಿಟಾರಿನ ತಂತಿ ಸಡಿಲ ಮಾಡಿ ಗವಸು ಹಾಕಿಟ್ಟಳು. ಜೀರಿಗೆ, ಸಕ್ಕರೆ ಬೇರೆ ಅಂಗಡಿಯಿಂದ ಬರತೊಡಗಿದವು. ಅಳು ಕೂಡ ಬರಲಿಲ್ಲ, ಅಷ್ಟು ಸಾಕಾಗಿತ್ತು ಅವಳಿಗೆ.

ಒಂದು ಶನಿವಾರ ಅಪ್ಪ ಮಾಣಿಕಪ್ಪ ಮೆಲ್ಲಗೆ ಅಂದರು, "ಮಗಾ, ನಾಳಿ ಸಂಜಿಗಿ ಶಿರೂರ ಅನಂತಪಾಳದವ್ರು ನಿನ್ನ ನೋಡ್ಲಾಕ ಬರ್ಲತಾರ. ಪೋಹೆ ಮಾಡ್ತಿ ಅಲ್ಲಾ?"

"ಮಾಡ್ತೀನಪ್ಪಾ."

ಆದರೆ ಐತಾರ ಮಧ್ಯಾಹ್ನ ಈರುಳ್ಳಿ ಹೆಚ್ಚುತ್ತ ಅವಳ ಕೈ ನಿಂತಿತು. 'ಇನ್ನೊಬ್ಬರು ತಿಂದು ಸುಮ್ಮನಾಗುತ್ತಾರೆ. ನಾನು ಮತ್ತೆ ಕಾಯಬೇಕು. ಬೇಡ! ಒಂದು ಸಲವಾದರೂ 'ಇಲ್ಲ' ಎನ್ನುವುದನ್ನು ಈ ಕಿವಿಯಿಂದ ಕೇಳಬೇಕು. ಅದೂ ಅವನ ಬಾಯಿಂದ!'

ಈಳಿಗೆಮಣೆ ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಗಲ್ಲೆಯ ಮೇಲೆ ನೀಲೇಶನ ತಾಯಿ ಕುಸುಮಬಾಯಿ ಕೂತಿದ್ದರು, ಹಣೆ ತುಂಬ ವಿಭೂತಿ. ಉಜ್ವಲಾಳನ್ನು ನೋಡಿದ್ದೇ ಎದ್ದು ನಿಂತರು.

"ನೀ ಮಾಣಿಕಪ್ಪಾರ ಮಗಳಲ್ಲಾ? ಆ ತಂತಿ ಪುಸ್ತಕದಾಕಿ? ಬಾ ಯವ್ವಾ... ನನ್ನ ಕೈಲೇ ದೊಡ್ಡ ಚೂಕ ಆಗ್ಯಾದ, ತಪ್ಪಾಗ್ಯಾದ."

"ಏನಾಯ್ತ್ರೀ?"

"ಶ್ರಾವಣದ ಕಡೀ ಐತಾರ ದೇವರ ಚೀಲ ಹೊಳಿಗಿ ಬಿಡೋ ಪದ್ಧತಿ ನಮ್ಮದು. ದೇವರ ಕಾಗದ, ಬಿಚ್ಚಿ ಯಾರು ನೋಡ್ತಾರ? ಕೈ ಮುಗದು ಬಿಟ್ಟ ಬಂದೆ. ಮನಿಗಿ ಬಂದ್ರ ಇಂವಾ ಹೊಸಾ ಅಂಗಿ ಹಾಕ್ಕೊಂಡು ಚೀಲ ಹುಡುಕ್ಲತಾನ! ಎಲ್ಲಾ ಪುಸ್ತಕ ತಗೊಂಡೇ ನಿಮ್ಮ ಮನಿಗಿ ಬರಾಂವ ಇದ್ದ..."

"ಹಂಗಾರ... ಉದಗೀರಕ್ಕ?"

"ಅಂಥವೇ ಪುಸ್ತಕ ಹುಡಕ್ಕೋತ ರದ್ದಿ ಅಂಗಡಿ ತಿರಗ್ಲಾಕ! ನಿಲಂಗಾ ಆಯ್ತು, ಉದಗೀರ ಆಯ್ತು. ನಾ ಹೇಳ್ದೆ, ಹೋಗಿ ಆಕಿಗಿ ಖರೆ ಹೇಳು ಅಂತ. ಕೇಳ್ತಾನೇನು? ಅಗೋ, ಬಂದ ನೋಡು."

ಬಸ್ಸಿನ ಧೂಳು ಮೆತ್ತಿಕೊಂಡು, ಹೆಗಲಿಗೆ ಖಾಲಿ ಚೀಲ ಹಾಕಿಕೊಂಡು ನೀಲೇಶ ಮೆಟ್ಟಿಲ ಬಳಿ ನಿಂತಿದ್ದ. ಅವನ ಕಣ್ಣುಗಳೂ ಸೋತಿದ್ದವು.

"ಒಂದೂ ಸಿಗಲಿಲ್ರೀ..." ಎಂದ.

"ನನಗ್ಯಾಕ ಹೇಳಲಿಲ್ಲ?" ಅವಳು ಮೆಟ್ಟಿಲಿಗೇ ಬಂದು ಕೇಳಿದಳು.

"ಅವ್ವನ ಮ್ಯಾಲ ನಿಮಗ ಸಿಟ್ಟು ಬರಬಾರದಂತ... ನಿಮ್ಮ ಜೀವ ಇದ್ದದ್ದೇ ಆ ಪುಸ್ತಕದಾಗ. ಬರಿಗೈಲೇ ಹ್ಯಾಂಗ ಬರ್ಲಿ?"

"ಪುಸ್ತಕ ಹೋದ್ರ ಹೋಗ್ಲೀ! ನೀವು ಸುಮ್ಮನಾದ್ರಿ. ನಮ್ಮ ಮನಿಗಿ ಸುಮ್ಮನಾಗೋದಂದ್ರ ಏನರ್ಥ ಅಂತ ನಿಮಗ ಗೊತ್ತಿಲ್ಲೇನು? ಎಷ್ಟ ಮಂದಿ ಸುಮ್ಮನಾಗ್ಯಾರ ಗೊತ್ತದೇನು?"

ನೀಲೇಶನ ಮುಖ ಬಿಳುಚಿತು. ಇದು ಅವನಿಗೆ ಹೊಳೆದೇ ಇರಲಿಲ್ಲ.

"ತಪ್ಪಾಯ್ತು... ಉಜ್ವಲಾ, ತಪ್ಪಾಯ್ತು."

"ತಪ್ಪು ಬ್ಯಾಡ. ಒಂದೇ ಮಾತು ಕೇಳ್ತೀನಿ. ನಿರೋಪ ಕಳಸ್ತೀನಿ ಅನ್ನಬ್ಯಾಡ್ರಿ. ನನ್ನ ಲಗ್ನಾ ಆಗ್ತೀರೋ, ಇಲ್ಲೋ?"

ಎಣ್ಣೆಗೆ ಬಂದ ಗಿರಾಕಿ ಡಬ್ಬಿ ಹಿಡಿದು ಹಾಗೇ ನಿಂತ. ಕುಸುಮಬಾಯಿ ಸೆರಗು ಬಾಯಿಗೆ ಒತ್ತಿಕೊಂಡರು.

"ಆಗ್ತೀನಿ" ಎಂದ ನೀಲೇಶ. "ಆ ಜೀರಗಿ ದಿನಾನೇ ಅನ್ಕೊಂಡೀನಿ. ಆಗ್ತೀನಿ."

ಈಗ ಬಂತು ಅಳು! ಉಜ್ವಲಾ ಅಲ್ಲಿದ್ದ ತೊಗರಿ ಮೂಟೆಯ ಮೇಲೆ ಕೂತುಬಿಟ್ಟಳು. ನೀಲೇಶ ತಂಬಿಗೆ ನೀರು ತಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಇವತ್ತ ಸಂಜಿಗಿ ಶಿರೂರದವ್ರು ಬರ್ಲತಾರ" ಎಂದಳು, ಕಣ್ಣೊರೆಸಿಕೊಳ್ಳುತ್ತ.

"ನಿಮ್ಮ ಅಪ್ಪಾರಿಗಿ ನಾ ಬಂದು ಹೇಳ್ತೀನಿ. ಅವ್ರು ಸುಮ್ಮ..."

"ಸುಮ್ಮನಿರೋದು ಬ್ಯಾಡ! ಅಪ್ಪಾ ಈಗಿಂದೀಗ ಶಿರೂರಕ್ಕ ಫೋನ್ ಹಚ್ಚಿ, ಆಗಂಗಿಲ್ಲ ಅಂತ ಬಾಯಿಬಿಟ್ಟು ಹೇಳ್ಲಿ. ಪಾಪ, ಅವರಿಗಿ ಕಾಯಸಬಾರದು."

"ಹಂಗೇ ಆಗ್ಲಿ." ಅವನು ತಂಬಿಗೆಯನ್ನು ಅವಳ ಕೈಗಿಟ್ಟ. "ಭಾಳ ದಣದಿ ನೀ."

ಅವನು 'ನೀ' ಎಂದದ್ದು ಅದೇ ಮೊದಲು.

"ಹ್ಞೂಂ... ಭಾಳ."

"ಹಂಗಾರ ಕುಂಡ್ರು. ಇನ್ನ ಯಾರೂ ಎಬ್ಬಸಂಗಿಲ್ಲ."