ಹದಿನೇಳನೆಯ ಹಾಳೆ

ಕಡತದಲ್ಲಿ ಹದಿನೇಳನೆಯ ಹಾಳೆ ಇರಲಿಲ್ಲ. ಅದರ ಜಾಗದಲ್ಲಿ ಒಂದು ಖಾಲಿ ಹಾಳೆ ಇತ್ತು. ಆ ಕಡತವನ್ನು ಕಚೇರಿಯಿಂದ ಸಹಿ ಹಾಕಿ ತಂದವನು ಡ್ರೈವರ್. ಮೂವತ್ತು ವರ್ಷ ಪ್ರಾದೇಶಿಕ ಆಯುಕ್ತರ ಕಾರು ಓಡಿಸಿ, ಅವರ ಜೊತೆಗೇ ನಿವೃತ್ತನಾಗಿ, ಈಗಲೂ ಅವರ ಮನೆಯ ಕಾರು ನೋಡಿಕೊಂಡಿದ್ದವನು.

ಮರುದಿನ ಕಚೇರಿಯಲ್ಲಿ ಸಾಹೇಬರ ಸೇವಾವಧಿಯ ಪ್ರದರ್ಶನವಿತ್ತು. ಪ್ರವಾಹದ ವರ್ಷದ ಈ ಕಡತವೇ ಅದರ ಮುಖ್ಯ ಆಕರ್ಷಣೆ. ಮೇಲಿನವರ ಅಪ್ಪಣೆಗೆ ಕಾಯದೆ ನದಿಯಂಚಿನ ಕೇರಿಗಳನ್ನು ಖಾಲಿ ಮಾಡಿಸಿ ಸಾವಿರಾರು ಜೀವ ಉಳಿಸಿದ ಸಾಹೇಬರ ಕತೆ ಊರಿಗೆಲ್ಲ ಬಾಯಿಪಾಠ. ಡ್ರೈವರನಿಗೂ ಆ ದಿನ ಕಣ್ಣಿಗೆ ಕಟ್ಟಿದಂತಿತ್ತು. ಪಿ.ಎ. ಓಡಿಬಂದು, "ಸಾಹೇಬ್ರು ಹೇಳಿದಾರೆ, ಹೊರಡು" ಅಂದದ್ದು, ಸರ್ಕಾರಿ ಕಾರಿನಲ್ಲಿ ಹನ್ನೊಂದು ಮಕ್ಕಳನ್ನು ತುಂಬಿಕೊಂಡು ಇವನು ಹಾರನ್ ಒತ್ತುತ್ತಲೇ ಹೋದದ್ದು. ಎಂಥ ದಿನಗಳವು.

"ಸಹಿ ನಿಮ್ದು ತಾನೇ, ಡ್ರೈವರ್? ಉತ್ತರಾನೂ ನೀವೇ ಹೇಳಿ," ಎಂದಳು ಸಾಹೇಬರ ಮಗಳು. ಲಂಗ ತೊಟ್ಟ ಕಾಲದಿಂದ ಮಾಮಾ ಎನ್ನುತ್ತಿದ್ದವಳು. ಕಳವಿನ ಮಾತಿಗಿಂತ ಆ ಒಂದು 'ಡ್ರೈವರ್' ಅವನನ್ನು ಹೆಚ್ಚು ನೋಯಿಸಿತು.

ಅವನು ನೇರವಾಗಿ ಹೋದದ್ದು ದಫ್ತರದಕ್ಕನ ಮನೆಗೆ. ಕಚೇರಿಯ ಹಳೇ ಕಡತಗಳ ಕೋಣೆಯನ್ನು ಜೀವಮಾನವಿಡೀ ಕಾದ ಆಕೆ, ಊರಲ್ಲಿ ಏನೇ ಕಾಣೆಯಾದರೂ ಹುಡುಕಿಕೊಡುವವಳು. ಅಂಥ ಪ್ರತಿ ಹುಡುಕಾಟಕ್ಕೂ ಆಕೆಯನ್ನು ಕಾರಿನಲ್ಲಿ ಕರೆದೊಯ್ದವನು ಇವನೇ. ಆದರೆ ತಾನೇ ಕಟಕಟೆಯಲ್ಲಿ ನಿಲ್ಲುವ ದಿನ ಬರುತ್ತದೆಂದು ಕನಸಲ್ಲೂ ಎಣಿಸಿರಲಿಲ್ಲ.

ಸಾಹೇಬರ ಮನೆಗೆ ಬಂದು ಅಕ್ಕ ಖಾಲಿ ಹಾಳೆಯನ್ನು ಮುಟ್ಟಿ ಮುಟ್ಟಿ ನೋಡಿದಳು. ಎಡಕ್ಕೆ ಅಂಚು ಮಡಿಚಿತ್ತು. ತೂತಿಗೆ ತೂತು ಕೂಡಿ ದಾರ ಪೋಣಿಸಿತ್ತು. ಮೂಲೆಯಲ್ಲಿ ಕೆಂಪು ಪೆನ್ಸಿಲ್ಲಿನ ಹದಿನೇಳು, ಅದಕ್ಕೊಂದು ಸುತ್ತು. ಕಡತ ಮುಟ್ಟಿದವರು ಯಾರ್ಯಾರು ಎಂದು ವಿಚಾರಿಸಿದಳು. ತಂದವನು ಡ್ರೈವರ್, ಮೇಜಿನ ಮೇಲಿಟ್ಟವಳು ಮಗಳು, ನಿನ್ನೆ ಮಧ್ಯಾಹ್ನ ಒಂದು ಗಂಟೆ ಹೊತ್ತು ಕೂತು ಓದಿದವರು ಹಳೇ ಪಿ.ಎ., ಬೆಳಿಗ್ಗೆ ತೆರೆದವರು ಸಾಹೇಬರು.

"ಇಷ್ಟು ದಪ್ಪ ಕಡತದಲ್ಲಿ ಹದಿನೇಳೇ ಇಲ್ಲ ಅಂತ ಹೇಗೆ ಗೊತ್ತಾಯ್ತು ಸರ್?"

"ನನಗೆ ಬೇಕಿದ್ದದ್ದೇ ಅದು," ಎಂದು ಸಾಹೇಬರು ಕಿಟಕಿಯತ್ತ ತಿರುಗಿಕೊಂಡರು. ಅಕ್ಕ ಕೂಡಲೇ ಪಿ.ಎ.ಯನ್ನು ಕರೆಸಿದಳು.

ಮಧ್ಯಾಹ್ನ ಎಲ್ಲರೂ ಹಜಾರದಲ್ಲಿ ಕೂತರು. ಅಕ್ಕ ಮಗಳ ಕಡೆ ತಿರುಗಿ, ಡ್ರೈವರ್ ಕದ್ದಿದ್ದರೆ ಹಾಳೆ ಹೋಗಿರುತ್ತಿತ್ತು, ಅಷ್ಟೇ; ಅದರ ಜಾಗಕ್ಕೆ ಖಾಲಿ ಹಾಳೆ ಬರುತ್ತಿರಲಿಲ್ಲ ಎಂದಳು. ಮಗಳು ಕದ್ದಿದ್ದರೂ ಅಷ್ಟೇ. ಸಾಹೇಬರೇ ತೆಗೆದಿದ್ದರೆ ಹುಡುಕುತ್ತಿರಲಿಲ್ಲ. ಮೇಲಾಗಿ ಅವರು ಜನ್ಮದಲ್ಲಿ ಒಂದು ಪುಟಕ್ಕೂ ಸಂಖ್ಯೆ ಹಾಕಿದವರಲ್ಲ.

"ಹದಿನಾರಾದ ಮೇಲೆ ಹದಿನೆಂಟು ಬಂದ್ರೆ ಕೆಲವರಿಗೆ ಅನ್ನ ಇಳಿಯಲ್ಲ," ಎಂದಳು ಅಕ್ಕ. "ಕದ್ದ ಕೈ ಸುಮ್ನಿರ್ಲಿಲ್ಲ. ಅಂಚು ಮಡಿಚ್ತು, ತೂತು ಹಾಕ್ತು, ನಂಬರ್ ಬರೀತು. ಮೂವತ್ತು ವರ್ಷದ ರೂಢಿ. ಅಲ್ವಾ ಪಿ.ಎ. ಸಾಹೇಬ್ರೇ?"

ಪಿ.ಎ. ಚೀಲದೊಳಗಿನ ದಿನಪತ್ರಿಕೆಯ ಮಡಿಕೆಯಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಪ್ರವಾಹದ ದಿನಾಂಕ, ಸಾಹೇಬರ ಹಸಿರು ಶಾಯಿ. 'ಮೇಲಿನ ಆದೇಶ ಬರುವವರೆಗೆ ಯಾರನ್ನೂ ಸ್ಥಳಾಂತರಿಸಕೂಡದು.'

ಡ್ರೈವರ್ ಆ ಸಾಲನ್ನು ಎರಡು ಸಲ ಓದಿದ. ಹಾಗಾದರೆ ಅವತ್ತು ಬಸ್ಸುಗಳನ್ನು ಕಳಿಸಿದ್ದು, ತನ್ನನ್ನು ಓಡಿಸಿದ್ದು, ಸಾಹೇಬರ ಹೆಸರು ಹೇಳಿಕೊಂಡು ಈ ಪಿ.ಎ.!

"ನಿಮ್ಮ ಹೆಸರು ಕೆಡಬಾರ್ದು ಅಂತ ತೆಗ್ದೆ ಸರ್," ಎಂದರು ಪಿ.ಎ. "ಇವನ ಸಹಿ ಇದೆ ಅನ್ನೋದು ಹೊಳೀಲೇ ಇಲ್ಲ. ತಪ್ಪಾಯ್ತಪ್ಪಾ."

ಸಾಹೇಬರು ಆ ಹಾಳೆಯನ್ನು ಕೈಗೆತ್ತಿಕೊಂಡರು. "ನೀನು ಮಾಡಿದ್ದಕ್ಕೆ ನಾನು ಮಾಲೆ ಹಾಕಿಸ್ಕೊಂಡು ಬದುಕಿದೆ ಕಣಯ್ಯಾ. ಸಾಯೋಕೆ ಮುಂಚೆ ಒಂದ್ಸಲ ನಿಜ ಹೇಳ್ಬೇಕು ಅಂತಲೇ ಈ ಕಡತ ತರ್ಸಿದ್ದು. ನಾಳೆ ಚೌಕಟ್ಟಿಗೆ ಹಾಕೋದು ಇದೇ ಹಾಳೇನ."

ಆಮೇಲೆ ಮಗಳು ಡ್ರೈವರನ ಹತ್ತಿರ ಬಂದು, "ಮಾಮಾ, ಕಾಫಿ ಕುಡೀತೀರಾ?" ಎಂದು ಕೇಳಿದಳು. ಅವನು ಹೂಂ ಎಂದ.

ಮರುದಿನ ಬೆಳಿಗ್ಗೆ ಡ್ರೈವರ್ ಕಾರನ್ನು ಫಳಫಳ ಒರೆಸಿ, ಎಂದಿನಂತೆ ಹಿಂದಿನ ಎಡಬಾಗಿಲು ತೆರೆದು ನಿಂತ. ಮೂವತ್ತು ವರ್ಷ ಸಾಹೇಬರು ಕೂತ ಜಾಗ ಅದು. ಸಾಹೇಬರು ಪಿ.ಎ.ಯ ತೋಳು ಹಿಡಿದು ಅಲ್ಲಿ ಕೂರಿಸಿ, ತಾವೇ ಬಾಗಿಲು ಹಾಕಿದರು. ಆಮೇಲೆ ಮುಂದೆ ಬಂದು, ಇಷ್ಟು ವರ್ಷ ಪಿ.ಎ. ಕೂರುತ್ತಿದ್ದ ಸೀಟಿನಲ್ಲಿ ಡ್ರೈವರನ ಪಕ್ಕ ಕೂತುಕೊಂಡರು.

"ಹೊರಡಪ್ಪಾ," ಎಂದರು. "ಸಾಹೇಬ್ರಿಗೆ ತಡ ಆಗ್ತಿದೆ."